ಹರಿವಾಣದಲ್ಲಿ ಇಟ್ಟ ಮುಂಗಡ

ಹುಕ್ರಪ್ಪ ಮೇಸ್ತ್ರಿಯನ್ನು ಕಳ್ಳ ಎನ್ನುವವರು ಈಗ ಮಾಣಿ ಪೇಟೆಯಲ್ಲಿ ಇಬ್ಬರೋ ಮೂವರೋ ಇದ್ದಾರೆ. ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಪೂರ್ತಿ ಒಪ್ಪಿಕೊಳ್ಳುವಂತೆಯೂ ಇಲ್ಲ. ಕಳ್ಳನಾದವನ ಹತ್ತಿರ ಕದ್ದದ್ದು ಒಂದಿಷ್ಟಾದರೂ ಉಳಿದಿರಬೇಕಲ್ಲ? ಹುಕ್ರಪ್ಪನ ಹತ್ತಿರ ಉಳಿದಿರುವುದು ಹದಿನಾಲ್ಕು ವರ್ಷದ ಹಳೆಯ ಬೈಕು, ತಾರಸಿ ಹಾಕುವಾಗ ಅಡಿಗೆ ಕೊಡುವ, ಶೆಡ್ಡಿನಲ್ಲಿ ಪೇರಿಸಿಟ್ಟ ಸೆಂಟ್ರಿಂಗ್ ಹಲಗೆಗಳು, ಮತ್ತು ಕುಳಿತಲ್ಲಿಂದ ಏಳುವಾಗ ಪ್ರಾಣ ಹಿಂಡುವ ಸೊಂಟನೋವು. ಈ ಮೂರರಲ್ಲಿ ಮಾರಿದರೆ ಹಣ ಬರುವಂಥದ್ದು ಹಲಗೆಗಳು ಮಾತ್ರ.

ಹದಿನೇಳನೆಯ ವಯಸ್ಸಿಗೆ ಕೆಂಪುಕಲ್ಲು ಹೊರಲು ಹೋದವನು ಅವನು. ಏಳೆಂಟು ವರ್ಷ ಹೊತ್ತ, ಆಮೇಲೆ ಕಟ್ಟಲು ಕಲಿತ. ಕಲಿತದ್ದು ಅಂತಿಂಥ ಕಲಿಕೆಯಲ್ಲ. ಅವನು ಕಟ್ಟಿದ ಗೋಡೆಗೆ ಸಾರಣೆ ಮಾಡದಿದ್ದರೂ ನೋಡಲು ಚಂದ. ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಕೂಲಿ ಲೆಕ್ಕದಲ್ಲಿ ಎಷ್ಟು ಮನೆ ಕಟ್ಟಿದನೋ ಅವನಿಗೇ ನೆನಪಿಲ್ಲ. ಆ ಕಾಲದಲ್ಲಿ ಅವನು ಯಾರ ಹತ್ತಿರವೂ ಮುಂಗಡ ಕೇಳಿದವನಲ್ಲ. ಸಾಮಾನು ಮನೆಯವರದ್ದು, ಕೈ ಇವನದ್ದು, ಶನಿವಾರ ಸಂಜೆ ಬಟವಾಡೆ. ಹಾಗೆಯೇ ಇದ್ದುಬಿಟ್ಟಿದ್ದರೆ ಈ ಕತೆಗೆ ಕೆಲಸವಿರಲಿಲ್ಲ. ಆದರೆ ನಲವತ್ತಾದ ಮೇಲೆ ಮನುಷ್ಯನಿಗೆ ತಾನೂ ಒಂದು ಬೋರ್ಡು ಹಾಕಿಕೊಳ್ಳಬೇಕು ಅನಿಸುತ್ತದೆ. ಹುಕ್ರಪ್ಪ ಕಂಟ್ರಾಕ್ಟರ್ ಆದ. ಚದರಡಿಗೆ ಇಷ್ಟು ಎಂದು ಮಾತಾಡಿ, ಸಾಮಾನು ಸಮೇತ ಮನೆ ಕಟ್ಟಿ ಬೀಗದ ಕೈ ಕೊಡುವ ಕೆಲಸ.

ಆ ಕೆಲಸಕ್ಕೆ ಮುಂಗಡ ಬೇಕು. ಸಿಮೆಂಟಿನ ಅಂಗಡಿಯವರೂ ಕಬ್ಬಿಣದವರೂ ಮೇಸ್ತ್ರಿಯ ಮುಖ ನೋಡಿ ಲಾರಿ ಕಳಿಸುವುದಿಲ್ಲ. ಮುಂಗಡ ಕೊಡುವುದಕ್ಕೆ ಹುಕ್ರಪ್ಪನಿಂದ ಮನೆ ಕಟ್ಟಿಸುವವರಲ್ಲಿ ಒಂದು ಕ್ರಮ ಬಂದುಬಿಟ್ಟಿತ್ತು. ಅಡಿಪಾಯಕ್ಕೆ ಕೆಸರುಕಲ್ಲು ಎಂಬ ಮೊದಲ ಕಲ್ಲು ಹಾಕುವ ದಿನ, ದೀಪದ ಮುಂದೆ, ಹರಿವಾಣದಲ್ಲಿ ಐದು ವೀಳ್ಯದೆಲೆ ಒಂದು ಅಡಿಕೆ, ಅದರ ಕೆಳಗೆ ಹಣ. ಮನೆಯ ಹಿರಿಯರು ಹರಿವಾಣ ಎತ್ತಿ ಕೊಡುತ್ತಾರೆ, ಹುಕ್ರಪ್ಪ ಚಪ್ಪಲಿ ಬಿಟ್ಟು ನಿಂತು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾನೆ, ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಅವನು ಎಣಿಸುವುದಿಲ್ಲ, ಅವರು ರಶೀದಿ ಕೇಳುವುದಿಲ್ಲ. ವೀಳ್ಯ ಕೊಟ್ಟ ಮೇಲೆ ರಶೀದಿ ಕೇಳಿದರೆ ನಂಬಿಕೆ ಇಲ್ಲ ಎಂದು ದೀಪದ ಮುಂದೆಯೇ ಹೇಳಿದ ಹಾಗೆ. ಇನ್ನೊಂದು ಕಟ್ಟುಪಾಡೂ ಇತ್ತು. ಒಬ್ಬ ವೀಳ್ಯ ತೆಗೆದುಕೊಂಡ ಮನೆಯ ಗೋಡೆಗೆ, ಅವನು ಬಾಯಿಬಿಟ್ಟು ಬಿಟ್ಟುಕೊಡುವ ತನಕ, ಇನ್ನೊಬ್ಬ ಮೇಸ್ತ್ರಿ ಕೈ ಹಾಕುವುದಿಲ್ಲ. ಬ್ಯಾಂಕಿನವರು ನೋಡಿದರೆ ತಲೆ ಚಚ್ಚಿಕೊಳ್ಳಬೇಕು, ಅಂಥ ಏರ್ಪಾಡು. ಆದರೂ ಹದಿನಾಲ್ಕು ವರ್ಷ ಅದು ನಡೆಯಿತು.

ಹೇಗೆ ನಡೆಯಿತು ಎಂಬುದನ್ನು ಹುಕ್ರಪ್ಪ ಯಾರಿಗೂ ಹೇಳಿರಲಿಲ್ಲ. ಅವನು ರೇಟು ಯಾವಾಗಲೂ ಕಡಿಮೆ ಹೇಳುತ್ತಿದ್ದ, ಕೆಲಸ ಕೈತಪ್ಪಬಾರದು ಎಂದು. ಮನೆ ತಾರಸಿಯ ಮಟ್ಟಕ್ಕೆ ಬರುವಾಗ ಹಣ ಖಾಲಿ. ಅಷ್ಟರಲ್ಲಿ ಇನ್ನೊಂದು ಕಡೆ ಕೆಸರುಕಲ್ಲು, ಇನ್ನೊಂದು ಹರಿವಾಣ. ಆ ಹಣದಲ್ಲಿ ಈ ಮನೆಯ ತಾರಸಿ ಆಗುತ್ತಿತ್ತು. ಆ ಮನೆಯ ತಾರಸಿ ಅದರ ನಂತರದ ಮನೆಯ ಮುಂಗಡದಲ್ಲಿ. ಇದಕ್ಕೆ ಅವನು ಇಟ್ಟ ಹೆಸರು ರೋಲಿಂಗ್. ‘ಹಣ ರೋಲಿಂಗ್ ಆಗ್ತಾ ಇರ್ಬೇಕು, ನಿಂತ್ರೆ ತುಕ್ಕು ಹಿಡಿತದೆ’ ಎಂದು ಹೆಂಡತಿ ಸೇಸಮ್ಮನಿಗೆ ಜಂಬದಿಂದ ಹೇಳಿದ್ದೂ ಉಂಟು. ಒಂದು ಮನೆಯನ್ನೂ ಅರ್ಧಕ್ಕೆ ಬಿಟ್ಟಿರಲಿಲ್ಲ. ತಾನು ಮಾಡುತ್ತಿರುವುದು ತಪ್ಪು ಎಂದು ಅವನಿಗೆ ಒಂದು ದಿನವೂ ಅನಿಸಿರಲಿಲ್ಲ.

ಅಮ್ಮಣಿಯವರ ಮನೆ ಆ ಸಾಲಿನಲ್ಲಿ ಹತ್ತೊಂಬತ್ತನೆಯದು.

ಮಾಣಿಯ ಜಂಕ್ಷನ್ನಿನಲ್ಲಿ ಅಮ್ಮಣಿಯವರದು ಚಹಾ, ಗೋಳಿಬಜೆಯ ಸಣ್ಣ ಹೋಟೆಲು. ಹಿಂದೆ ಎರಡು ಕೋಣೆ, ಅದೇ ಮನೆ. ಗಂಡ ತೀರಿಕೊಂಡ ಮೇಲೆ ಮಗಳು ತೃಪ್ತಿಯನ್ನು ಆ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೂರಿಸಿಕೊಂಡೇ ಬೆಳೆಸಿದವರು. ಹೆದ್ದಾರಿ ಅಗಲವಾಗುವಾಗ ಹೋಟೆಲೂ ಹೋಯಿತು, ಕೋಣೆಗಳೂ ಹೋದವು, ಒಂಬತ್ತು ಲಕ್ಷ ಪರಿಹಾರ ಬಂತು. ಒಳಗೆ ಒಂದೂವರೆ ಕಿಲೋಮೀಟರು ದೂರದಲ್ಲಿ ತವರಿನಿಂದ ಬಂದ ಐದು ಸೆಂಟ್ಸ್ ಜಾಗವಿತ್ತು. ಹುಕ್ರಪ್ಪನನ್ನು ಕರೆಸಿ, ‘ಎರಡು ಕೋಣೆ, ಒಂದು ಅಡಿಗೆಮನೆ, ಎದುರಿಗೆ ನಾಲ್ಕು ಜನ ಕೂತು ಚಹಾ ಕುಡಿಯುವಷ್ಟು ಜಗಲಿ. ಸಾಕು’ ಎಂದರು. ಹುಕ್ರಪ್ಪ, ಕಬ್ಬಿಣದ ರೇಟು ಏರುತ್ತಾ ಉಂಟು, ಒಟ್ಟಿಗೆ ತೆಗೆದಿಡುವುದು ಒಳ್ಳೆಯದು ಎಂದ. ಹರಿವಾಣದಲ್ಲಿ ಆರು ಲಕ್ಷ ಬಂತು.

ಅದೇ ವಾರ ಕಕ್ಕಿಂಜೆಯಲ್ಲಿ ಉಸ್ಮಾನನ ಮನೆಗೆ ತಾರಸಿ ಹಾಕಬೇಕಿತ್ತು. ಉಸ್ಮಾನ್ ಗಲ್ಫಿನಿಂದ ರಜೆಯಲ್ಲಿ ಬಂದವನು, ಹೋಗುವ ಮೊದಲು ಹೊಸಮನೆಯ ಊಟ ಹಾಕಬೇಕೆಂದು ತೀರ್ಮಾನಿಸಿದ್ದವನು. ತನ್ನ ಪಾಲಿನ ಹಣವನ್ನು ಒಂದು ರೂಪಾಯಿಯೂ ಉಳಿಸದೆ ಕೊಟ್ಟಿದ್ದ. ಅದು ಎಲ್ಲಿ ಹೋಗಿತ್ತು? ಹದಿನೇಳನೆಯ ಮನೆಗೆ. ಆದ್ದರಿಂದ ಅಮ್ಮಣಿಯವರ ಹಣದಲ್ಲಿ ನಾಲ್ಕು ಲಕ್ಷ ಕಬ್ಬಿಣವಾಗಿ, ಸಿಮೆಂಟಾಗಿ ಕಕ್ಕಿಂಜೆಗೆ ಹೋಯಿತು. ಉಸ್ಮಾನನ ಹೊಸಮನೆಯ ಒಕ್ಕಲಿನ ದಿನ ಹುಕ್ರಪ್ಪನಿಗೆ ಶಾಲು ಹೊದಿಸಿದರು. ನೈಚೋರು, ಆ ತುಪ್ಪದನ್ನ, ಉಂಡು ಬಂದು ಸೇಸಮ್ಮನ ಹತ್ತಿರ ಅದರ ರುಚಿಯನ್ನು ಎರಡು ದಿನ ಹೊಗಳಿದ.

ಇಪ್ಪತ್ತನೆಯ ಮನೆ ಬರಲಿಲ್ಲ.

ಬರುವುದಿಲ್ಲ ಎಂದು ಯಾರೂ ಹೇಳಲಿಲ್ಲ, ಸುಮ್ಮನೆ ಬರಲಿಲ್ಲ. ರಸ್ತೆಯ ಪರಿಹಾರ ಸಿಕ್ಕಿದವರೆಲ್ಲ ಕಟ್ಟಿ ಮುಗಿಸಿದ್ದರು. ಹೊಸದಾಗಿ ಕಟ್ಟುವವರು ಬ್ಯಾಂಕಿನ ಸಾಲದವರು. ಬ್ಯಾಂಕಿನ ಎಂಜಿನಿಯರು ಬಂದು, ಅಡಿಪಾಯ ನೋಡಿ ಇಷ್ಟು, ಗೋಡೆ ನೋಡಿ ಇಷ್ಟು ಎಂದು ಬಿಡುಗಡೆ ಮಾಡುವ ಹಣ. ಆಗದ ಕೆಲಸಕ್ಕೆ ಕೊಡುವ ಹಣವೇ ಅವರಲ್ಲಿಲ್ಲ. ಅಷ್ಟರಲ್ಲಿ ಕಲ್ಲಿನ ಕೋರೆಗಳೂ ಆಗಾಗ ನಿಂತವು, ಕಲ್ಲಿಗೆ ಬಾಯಿಗೆ ಬಂದ ರೇಟು. ಹುಕ್ರಪ್ಪ ಅಲ್ಲಿ ಒಂದು ಕಂಪೌಂಡು, ಇಲ್ಲಿ ಒಂದು ದನದ ಕೊಟ್ಟಿಗೆ ಎಂದು ದಿನ ದೂಡಿದ. ಅಮ್ಮಣಿಯವರ ಗೋಡೆ ಕಿಟಕಿಯ ಮಟ್ಟಕ್ಕೆ ಬಂದು ನಿಂತಿತು. ಹತ್ತಿರಹತ್ತಿರ ಮೂರು ವರ್ಷ ಹಾಗೆಯೇ ನಿಂತು ಕಪ್ಪಾಯಿತು, ಒಳಗೆ ಕೋಣೆಗಳಾಗಬೇಕಾದಲ್ಲಿ ಕಮ್ಯುನಿಸ್ಟ್ ಗಿಡವೆಂಬ ಕಳೆ ಆಳೆತ್ತರ ಬೆಳೆಯಿತು. ತಾಯಿ ಮಗಳು ಸಾಲಾಗಿ ಕೋಣೆಗಳಿರುವ ಲೈನ್ ಮನೆಯ ಒಂದು ಬಾಡಿಗೆ ಕೋಣೆಯಲ್ಲಿ ಉಳಿದರು. ಪರಿಹಾರದಲ್ಲಿ ಉಳಿದಿದ್ದ ಮೂರು ಲಕ್ಷ ಬಾಡಿಗೆಗೂ ಹೊಟ್ಟೆಗೂ ಕರಗಿತು.

ಅಮ್ಮಣಿಯವರು ಒಮ್ಮೆಯೂ ಗದರಲಿಲ್ಲ. ಸಿಕ್ಕಿದಲ್ಲಿ ‘ಯಾವಾಗ ಬರ್ತಿ ಮಾರಾಯ?’ ಎಂದಷ್ಟೇ ಕೇಳುತ್ತಿದ್ದರು. ಗದರಿದ್ದು ತೃಪ್ತಿ. ಕಲ್ಲಡ್ಕದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಬಿಲ್ಲಿಲ್ಲದೆ ಒಂದು ಮಾತ್ರೆಯೂ ಹೊರಗೆ ಹೋಗದ ಜಾಗದಲ್ಲಿ ದಿನವಿಡೀ ನಿಲ್ಲುವವಳು. ಒಂದು ಭಾನುವಾರ ಅವನ ಮನೆಗೇ ಬಂದಳು.

“ಹುಕ್ರಪ್ಪಣ್ಣ, ಪೊಲೀಸ್ ಸ್ಟೇಷನ್ನಿಗೆ ಹೋಗಿದ್ದೆ. ಇದು ಸಿವಿಲ್ ಕೇಸು, ಹಣ ಕೊಟ್ಟದ್ದಕ್ಕೆ ಎಂತಾದ್ರೂ ಕಾಗದ ಉಂಟಾ ಅಂತ ಕೇಳಿದ್ರು. ಇಲ್ಲ ಅಂದೆ. ಮತ್ತೆ ಅವರು ಎಂತ ಮಾಡ್ಲಿಕ್ಕೆ ಆಗ್ತದೆ?”

“ನಾನು ಇಲ್ಲ ಅಂತ ಹೇಳಿದ್ದೇನಾ ಮಗಾ?”

“ಹೇಳ್ಲಿಲ್ಲ. ಅದನ್ನೇ ಬರೆದು ಕೊಡಿ. ಇಷ್ಟು ತಕ್ಕೊಂಡಿದ್ದೇನೆ, ಇಷ್ಟು ಬಾಕಿ ಉಂಟು ಅಂತ. ಒಂದು ಹಾಳೆ ಸಾಕು.”

“ಬರೆದು ಕೊಡ್ತೇನೆ” ಎಂದ ಹುಕ್ರಪ್ಪ. ಹೇಳುವಾಗ ಅವನ ಮನಸ್ಸಿನಲ್ಲಿ ನಿಜವಾಗಿಯೂ ಅದೇ ಇತ್ತು. ಆದರೆ ಕಾಗದಕ್ಕಿಂತ ಕೆಲಸವನ್ನೇ ಶುರುಮಾಡಿ ತೋರಿಸಿಬಿಟ್ಟರೆ ಹೇಗೆ ಎಂದೂ ಅನಿಸಿತು. ಒಂದೇ ಒಂದು ಹರಿವಾಣ ಸಿಕ್ಕಿದರೆ ಸಾಕು.

ಸಿಗುವ ಹಾಗೆ ಕಂಡಿತು ಕೂಡ. ಮಿಜಾರಿನ ಕಾಲೇಜೊಂದರಲ್ಲಿ ಪಾಠ ಮಾಡುವ ಶಶಿಪ್ರಭಾ ಎಂಬವರು ಮೂಡುಬಿದಿರೆಯ ಹತ್ತಿರ ಮನೆ ಕಟ್ಟಿಸುವವರಿದ್ದರು. ಹುಕ್ರಪ್ಪನ ಗೋಡೆ ನೋಡಿ ಮೆಚ್ಚಿ ಅವರೇ ಫೋನ್ ಮಾಡಿದ್ದರು. ಮೂವತ್ತು ಲಕ್ಷದ ಕೆಲಸ, ಸಾಲವಲ್ಲ, ಕೈಯಲ್ಲಿರುವ ಹಣ. ಹುಕ್ರಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಎಂಟು ಲಕ್ಷ ಕೇಳುವುದೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದ. ಅದರಲ್ಲಿ ನಾಲ್ಕು ಲಕ್ಷ ಅಮ್ಮಣಿಯವರ ತಾರಸಿಗೆ.

ಶಶಿಪ್ರಭಾ ಕಾಫಿ ಕೊಟ್ಟರು, ಜೊತೆಗೆ ಟೈಪ್ ಮಾಡಿದ ನಾಲ್ಕು ಹಾಳೆಯನ್ನೂ ಕೊಟ್ಟರು.

“ಓದಿ ನೋಡಿ ಹುಕ್ರಪ್ಪನವರೇ. ಮುಂಗಡ ಹತ್ತು ಪರ್ಸೆಂಟ್. ಮತ್ತೆ ಒಂದೊಂದು ಹಂತ ಮುಗಿದ ಹಾಗೆ ಕೊಡ್ತೇನೆ. ನಿಮ್ಮ ಹಣ ಒಂದು ದಿನವೂ ತಡ ಮಾಡುದಿಲ್ಲ.”

“ಇದು ಸರ್ಕಾರದ ಕಾನೂನಾ ಮೇಡಂ? ಹತ್ತು ಪರ್ಸೆಂಟ್ ಅಂತ?”

“ನಮ್ಮಂಥ ಒಂಟಿ ಮನೆಗೆ ಅಂಥ ಕಾನೂನು ಇಲ್ಲ. ದೊಡ್ಡ ಫ್ಲ್ಯಾಟ್ ಕಟ್ಟಿ ಮಾರುವವರಿಗೆ ಉಂಟು. ಅಗ್ರಿಮೆಂಟ್ ರಿಜಿಸ್ಟರ್ ಆಗದೆ ಹತ್ತು ಪರ್ಸೆಂಟಿಗಿಂತ ಹೆಚ್ಚು ತಕ್ಕೊಳ್ಳುವ ಹಾಗಿಲ್ಲ. ಬಂದ ಹಣದಲ್ಲಿ ಹೆಚ್ಚಿನ ಪಾಲು ಬೇರೆ ಖಾತೆಯಲ್ಲಿ ಇಡ್ಬೇಕು, ಆ ಕಟ್ಟಡಕ್ಕೇ ಖರ್ಚು ಮಾಡ್ಬೇಕು. ಕಾನೂನು ಇಲ್ಲದಿದ್ರೆ ನಾವೇ ಬರ್ಕೊಳ್ಳುವ, ಅಲ್ವಾ?”

ಮೂರನೆಯ ಹಾಳೆಯಲ್ಲಿ ಅದು ಬರೆದೇ ಇತ್ತು: ಈ ಮನೆಗೆ ಪಡೆದ ಹಣವನ್ನು ಈ ಮನೆಗಲ್ಲದೆ ಬೇರಾವ ಕೆಲಸಕ್ಕೂ ಬಳಸತಕ್ಕದ್ದಲ್ಲ. ಹುಕ್ರಪ್ಪ ಆ ಸಾಲನ್ನು ಮೂರು ಸಲ ಓದಿದ. ಹದಿನಾಲ್ಕು ವರ್ಷ ತಾನು ಮಾಡಿದ್ದೇನು ಎಂಬುದಕ್ಕೆ ಹೆಸರು ಸಿಕ್ಕಿದ್ದು ಅವನಿಗೆ ಆಗಲೇ. ಶಶಿಪ್ರಭಾ ಮೋಸ ಮಾಡುವ ಹೆಂಗಸಲ್ಲ, ಆ ಕಾಗದದಲ್ಲಿ ಅನ್ಯಾಯದ ಒಂದು ಅಕ್ಷರವೂ ಇರಲಿಲ್ಲ. ಸಹಿ ಹಾಕಿ ಹತ್ತು ತಿಂಗಳು ನೆಟ್ಟಗೆ ಕೆಲಸ ಮಾಡಿದ್ದರೆ ಕೊನೆಗೆ ಒಂದೂವರೆ ಲಕ್ಷ ಕೈಯಲ್ಲಿ ಉಳಿಯುತ್ತಿತ್ತು. ಅದನ್ನು ಅಮ್ಮಣಿಯವರಿಗೆ ಕೊಡಬಹುದಿತ್ತು. ಆದರೆ ಒಟ್ಟಿಗೆ ನಾಲ್ಕು ಲಕ್ಷ ಸುರಿದು ತಾರಸಿ ಹಾಕಿ ತಲೆಯೆತ್ತಿ ನಿಲ್ಲುವ ಆಸೆ ಇದ್ದವನಿಗೆ ಒಂದೂವರೆ ಲಕ್ಷ ಹಣವಾಗಿ ಕಾಣಲೇ ಇಲ್ಲ. ‘ನೋಡಿ ಹೇಳ್ತೇನೆ ಮೇಡಂ’ ಎಂದು ಎದ್ದು ಬಂದ. ಮತ್ತೆ ಆ ಕಡೆ ತಲೆಹಾಕಲಿಲ್ಲ. ಶಶಿಪ್ರಭಾ ಎರಡು ಸಲ ಫೋನ್ ಮಾಡಿ ಬೇರೆಯವರನ್ನು ನೋಡಿಕೊಂಡರು. ಬುದ್ಧಿ ಕೆಡುವುದೆಂದರೆ ಇದು.

ಅಲ್ಲಿಂದ ಬಂದ ಎರಡನೆಯ ದಿನ ಬಿ.ಸಿ. ರೋಡಿನಲ್ಲಿ ಒಬ್ಬ ವಕೀಲರ ಹತ್ತಿರ ಹೋದ. ಅವರ ಮನೆಯ ಕಂಪೌಂಡು ಕಟ್ಟಿದವನು ಇವನೇ. ತೃಪ್ತಿಗೆ ಕಾಗದ ಬರೆಯುವುದು ಹೇಗೆ ಎಂದು ಕೇಳಲು ಹೋಗಿದ್ದ. ವಕೀಲರು ಪೂರ್ತಿ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟರು.

“ಯಾಕೆ ಬರೆಯುದು ಮಾರಾಯ ನೀನು? ಬರೆಯದಿದ್ರೆ ಅವರ ಹತ್ತಿರ ಎಂತ ಉಂಟು? ಚೆಕ್ ಇಲ್ಲ, ಅಗ್ರಿಮೆಂಟ್ ಇಲ್ಲ. ಗ್ರಾಹಕರ ಆಯೋಗಕ್ಕೆ ಎರಡು ವರ್ಷದ ಒಳಗೆ ಹೋಗ್ಬೇಕಿತ್ತು, ಅದು ಕಳೀತು. ಸಿವಿಲ್ ದಾವೆಗೆ ಮೂರು ವರ್ಷ. ನೀನು ಕೆಲಸ ನಿಲ್ಲಿಸಿದ್ದು ಯಾವಾಗ?”

ಹುಕ್ರಪ್ಪ ದಿನ ಹೇಳಿದ.

“ಹಾಗಾದ್ರೆ ಇನ್ನು ಇಪ್ಪತ್ತಮೂರು ದಿನ. ಅಷ್ಟರೊಳಗೆ ಬಾಕಿ ಉಂಟು ಅಂತ ನೀನು ಸಹಿ ಹಾಕಿ ಕೊಟ್ರೆ ಮತ್ತೆ ಹೊಸದಾಗಿ ಮೂರು ವರ್ಷ ಶುರುವಾಗ್ತದೆ, ಅವರಿಗೆ ಸಾಕ್ಷಿಯೂ ಆಯ್ತು. ಕೊಡದಿದ್ರೆ ಮುಗೀತು. ಕಾಗದ ಬೇಡ, ವಾಟ್ಸಾಪ್ ಕೂಡ ಬೇಡ. ಸುಮ್ಮನೆ ಕೂತ್ಕೊ.”

ಫೀಸು ತೆಗೆದುಕೊಳ್ಳಲಿಲ್ಲ, ಕಂಪೌಂಡು ಗಟ್ಟಿ ಉಂಟು ಎಂದು ಹೊಗಳಿ ಕಳಿಸಿದರು.

ಸುಮ್ಮನೆ ಕೂರಬಹುದಿತ್ತು. ಹುಕ್ರಪ್ಪ ಮೂರು ದಿನ ಕೂತ. ಊಟ ಸೇರಲಿಲ್ಲ. ಅಮ್ಮಣಿಯವರ ಹಕ್ಕು ದಿನಕ್ಕೊಂದು ದಿನ ಸಾಯುತ್ತಿದೆ, ಅದು ಆ ತಾಯಿಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ, ಗೊತ್ತಿರುವುದು ತನಗೊಬ್ಬನಿಗೇ. ಈ ಯೋಚನೆ ಎದೆಯ ಮೇಲೆ ಕಲ್ಲಿಟ್ಟ ಹಾಗೆ ಕೂತಿತ್ತು. ನಾಲ್ಕನೆಯ ದಿನ ಸ್ಟ್ಯಾಂಪ್ ಪೇಪರು ತಂದು, ತನ್ನ ಉರುಟು ಅಕ್ಷರದಲ್ಲಿ ಬರೆದ: ಅಮ್ಮಣಿಯವರಿಂದ ಮನೆ ಕಟ್ಟಲು ಆರು ಲಕ್ಷ ರೂಪಾಯಿ ಮುಂಗಡ ಪಡೆದಿದ್ದೇನೆ. ಎರಡು ಲಕ್ಷದ ಕೆಲಸ ಮಾಡಿದ್ದೇನೆ. ನಾಲ್ಕು ಲಕ್ಷ ಬಾಕಿ ಇದೆ. ಕೆಳಗೆ ಸಹಿ, ತಾರೀಕು. ಸೇಸಮ್ಮ ಓದಿ ಕಣ್ಣೊರೆಸಿಕೊಂಡಳು.

“ಒಳ್ಳೆದು ಮಾಡಿದ್ರಿ. ಸಂಜೆ ಹೋಗಿ ಕೊಟ್ಟು ಬನ್ನಿ, ತೃಪ್ತಿಯೂ ಇರ್ತಾಳೆ.”

“ಸಂಜೆ ಬೇರೆ ಕೆಲಸ ಉಂಟು. ಈಗಲೇ ಹೋಗ್ತೇನೆ” ಎಂದ ಹುಕ್ರಪ್ಪ. ಸಂಜೆ ಅವನಿಗೆ ಯಾವ ಕೆಲಸವೂ ಇರಲಿಲ್ಲ.

ಬೆಳಗಿನ ಹತ್ತು ಗಂಟೆ. ತೃಪ್ತಿ ಎಂಟರ ಬಸ್ಸಿಗೆ ಹೋಗಿಯಾಗಿತ್ತು. ಅಮ್ಮಣಿಯವರು ಬಾಗಿಲ ಬಳಿ ಮೊರದಲ್ಲಿ ಎಲೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಹೋಟೆಲು ಹೋದ ಮೇಲೆ ಕಲಿತ ಕೆಲಸ, ಬೆರಳು ಇನ್ನೂ ಓಡುವುದಿಲ್ಲ. ಹುಕ್ರಪ್ಪನನ್ನು ಕಂಡು ಅವರ ಮುಖ ಅರಳಿತು. ಆ ಅರಳಿದ ಮುಖ ನೋಡುವುದೇ ಅವನಿಗೆ ಶಿಕ್ಷೆ.

“ಕೆಲಸ ಶುರು ಮಾಡ್ತಿಯಾ?”

“ಅದಲ್ಲ ಅಮ್ಮಣಕ್ಕ. ಇದು ಕೊಡ್ಲಿಕ್ಕೆ ಬಂದದ್ದು.” ಕಾಗದ ಚಾಚಿದ. “ನಿಮ್ಮ ಹಣ ನನ್ನ ಹತ್ತಿರ ಬಾಕಿ ಉಂಟು ಅಂತ ಬರೆದದ್ದು.”

ಅಮ್ಮಣಿಯವರ ಕೈ ಮುಂದೆ ಬರಲಿಲ್ಲ. “ಅದು ನನಗೆ ಗೊತ್ತುಂಟಲ್ಲ. ಮತ್ತೆ ಬರೆಯುದು ಯಾಕೆ?”

“ತೃಪ್ತಿ ಕೇಳಿದ್ಳು.”

“ಅವಳಿಗೆ ಎಂತ ಗೊತ್ತು, ಮಕ್ಕಳಾಟಿಕೆ. ನೋಡು ಹುಕ್ರಪ್ಪ, ನಾನು ಹಣ ಕೊಟ್ಟದ್ದು ಸಾಲಕ್ಕಲ್ಲ, ಮನೆಗೆ. ಈ ಕಾಗದ ತಕ್ಕೊಂಡ್ರೆ ನೀನು ಹಣ ಕೊಡ್ಲಿಕ್ಕೆ ಇರುವವ ಆಗ್ತಿ. ಮತ್ತೆ ಕಟ್ಟುವವ ಯಾರು? ನಿನ್ನ ವೀಳ್ಯ ಮುರಿದ ಹಾಗೆ ಆಗ್ತದೆ. ನನಗೆ ಕೋರ್ಟು ಬೇಡ ಮಾರಾಯ, ಮನೆ ಬೇಕು. ನೀನು ಕಟ್ಟಿಯೇ ಕಟ್ಟುತ್ತಿ.”

ಅವರ ಕಣ್ಣಿನಲ್ಲಿ ಹೆದರಿಕೆ ಇತ್ತು. ಆ ಹಾಳೆ ಮುಟ್ಟಿದ ಕೂಡಲೇ ಕಿಟಕಿಯ ಮಟ್ಟದ ಗೋಡೆಯೂ ಇಲ್ಲವಾಗುತ್ತದೆ ಎಂಬ ಹೆದರಿಕೆ. ಹುಕ್ರಪ್ಪನಿಗೆ ಅದು ಅರ್ಥವಾಯಿತು. ಹೇಳಬೇಕಾದ ಮಾತು ಬಾಯಿಯವರೆಗೆ ಬಂದಿತ್ತು: ಅಮ್ಮಣಕ್ಕ, ನಾನು ಕಟ್ಟುವುದಿಲ್ಲ, ಕಟ್ಟಲು ನನ್ನಿಂದ ಆಗುವುದಿಲ್ಲ, ಇನ್ನು ಹತ್ತೊಂಬತ್ತು ದಿನ ಕಳೆದರೆ ಕೇಳಲೂ ನಿಮಗೆ ದಾರಿಯಿಲ್ಲ, ಇದನ್ನು ಹಿಡಿದುಕೊಳ್ಳಿ. ಕಿಟಕಿ ಎಲ್ಲಿ ಬರಬೇಕು ಎಂದು ಮನೆಯವರ ಜೊತೆ ಅರ್ಧ ದಿನ ವಾದ ಮಾಡಿ ಗೆದ್ದು ಬರುತ್ತಿದ್ದ ಮನುಷ್ಯ. ಅಮ್ಮಣಿಯವರು ಬೇಡ ಎಂದದ್ದು ಒಂದು ಸಲ. ಅವನು ಎರಡನೆಯ ಸಲ ಹೇಳಲಿಲ್ಲ. ಮಡಚಿ ಕಿಸೆಯಲ್ಲಿಟ್ಟುಕೊಂಡ, ಅವರು ಕೊಟ್ಟ ಚಹಾ ಕುಡಿದ.

ಬೈಕು ಹತ್ತಿ ಮಾಣಿಯವರೆಗೆ ಬರುವಾಗ ಅವನಿಗೆ ಹಗುರ ಅನಿಸಿತು. ಮೂರು ವರ್ಷದಲ್ಲಿ ಮೊದಲ ಸಲ ಹಗುರ. ಕೊಡಲು ಹೋಗಿದ್ದೆ, ಅವರೇ ಬೇಡ ಎಂದರು, ದೇವರ ಎದುರು ಹೇಳಬಹುದು. ಮಧ್ಯಾಹ್ನ ಚೆನ್ನಾಗಿ ಉಂಡ. ‘ಕೊಟ್ರಾ?’ ಎಂದು ಸೇಸಮ್ಮ ಕೇಳಿದ್ದಕ್ಕೆ ‘ಹ್ಞಾಂ, ಹೋಗಿ ಬಂದೆ’ ಎಂದ. ಉಂಡ ಕೈ ತೊಳೆಯುವಾಗ ಮಾತ್ರ, ತೃಪ್ತಿ ಇಲ್ಲದ ಹೊತ್ತು ನೋಡಿಯೇ ಹೋಗಿದ್ದೆ ಎಂಬುದು ನೀರಿನ ಸದ್ದಿನೊಳಗೆ ಅವನಿಗೇ ಕೇಳಿಸಿದ ಹಾಗಾಯಿತು. ತನ್ನ ಮೇಲೆ ಅವನಿಗೆ ಹೇಸಿಗೆ ಹುಟ್ಟಿತು. ಹುಟ್ಟಿದ್ದು ನಿಜ, ಆದರೆ ಅದರಿಂದ ಏನೂ ಆಗಲಿಲ್ಲ.

ಸಂಜೆ ಆರೂವರೆಗೆ ಫೋನ್ ಬಂತು. ತೃಪ್ತಿ, ಬಸ್ಸಿಳಿದು ಮನೆಗೆ ಬಂದವಳು, ಏದುಸಿರು ಬಿಡುತ್ತಿದ್ದಳು.

“ಹುಕ್ರಪ್ಪಣ್ಣ, ಕಾಗದ ತಂದಿದ್ರಂತೆ, ಅಮ್ಮ ಹೇಳಿದ್ರು. ಅವರ ಮಾತು ಬಿಡಿ. ನೀವು ಬರೆದ್ರಲ್ಲ, ಅದೇ ದೊಡ್ಡದು, ನಾನು ನಿಮ್ಮನ್ನು ತಪ್ಪು ತಿಳ್ಕೊಂಡಿದ್ದೆ. ನಾನು ಈಗಲೇ ಅಲ್ಲಿಗೆ ಬರ್ತೇನೆ, ನನ್ನ ಕೈಗೆ ಕೊಡಿ.”

ಹುಕ್ರಪ್ಪ ಜಗಲಿಯಲ್ಲಿ ನಿಂತಿದ್ದ. ಅಂಗಿಯ ಕಿಸೆಯಲ್ಲಿ ಕಾಗದ ಇತ್ತು, ಮೇಲಿನಿಂದಲೇ ಕೈಗೆ ತಾಗುತ್ತಿತ್ತು.

“ಬರ್ಬೇಡ ಮಗಾ” ಎಂದ. “ಅಮ್ಮ ಬೇಡ ಅಂದ್ರಲ್ಲ, ದಾರಿಯಲ್ಲೇ ಹರಿದು ಹಾಕಿದೆ.”

ಆ ಕಡೆ ತೃಪ್ತಿ ಫೋನ್ ಕಟ್ ಮಾಡಿದಳು.

ಹೇಳಿದ್ದು ಸುಳ್ಳಾಗಬಾರದಲ್ಲ. ಹುಕ್ರಪ್ಪ ಫೋನ್ ಕೆಳಗಿಟ್ಟು, ಕಿಸೆಯಿಂದ ಕಾಗದ ತೆಗೆದು, ಹರಿದ.